ಎದೆನೋವು ಹೇಳಿಕೊಳ್ಳುವ ಹಕ್ಕು

ಚಿಕ್ಕನಾಯಕನಹಳ್ಳಿ ತಾಲೂಕಿನ ಹುಳಿಯಾರು ಹೋಬಳಿಯಲ್ಲಿ, ಕೆಂಕೆರೆಯ ಸುತ್ತಿನ ತೆಂಗಿನ ಸೀಮೆಯಲ್ಲಿ, ಹೆಂಗಸರ ಬಾಯಿಂದ ದಿನಕ್ಕೆ ಹತ್ತು ಸಲ ಹೊರಡುವ ಮಾತೊಂದಿದೆ. 'ಏನಿಲ್ಲ ಬಿಡು.' ತಲೆ ಸುತ್ತಿ ಗೋಡೆ ಹಿಡಿದು ನಿಂತಾಗಲೂ ಏನಿಲ್ಲ ಬಿಡು. ಈಳಿಗೆಮಣೆಗೆ ಬೆರಳು ಕುಯ್ದು ರಕ್ತ ತೊಟ್ಟಿಕ್ಕುವಾಗಲೂ ಏನಿಲ್ಲ ಬಿಡು. ಈ ಎರಡು ಪದಗಳಿಗೆ ನಾವು ತಾಳ್ಮೆ ಅಂತ ಹೆಸರಿಟ್ಟಿದ್ದೇವೆ, ಸಹನೆ ಅಂತ ಹೊಗಳಿದ್ದೇವೆ, ಭೂಮಿತಾಯಿಗೆ ಹೋಲಿಸಿ ಭಾಷಣ ಬಿಗಿದಿದ್ದೇವೆ. ಅದೇ ಹೆಂಗಸು ಎದೆ ಹಿಡಿದುಕೊಂಡು ಅದೇ ಮಾತು ಆಡಿದರೆ ಏನಾಗುತ್ತದೆ? ಆಗ ಆಗುವ ತಡಕ್ಕೆ ಹೊಣೆ ಯಾರು? ಅವಳೋ, ಮನೆಯವರೋ, ಡಾಕ್ಟರೋ, ಸರ್ಕಾರವೋ? ಇದು ಬರೀ ವೈದ್ಯಶಾಸ್ತ್ರದ ಪ್ರಶ್ನೆ ಅಲ್ಲ. ನ್ಯಾಯದ ಪ್ರಶ್ನೆ.

ಮೊದಲು ದೇಹದ ಲೆಕ್ಕ ತಿಳಿದುಕೊಳ್ಳೋಣ. ಹೃದಯ ಮೈಗೆಲ್ಲ ರಕ್ತ ತಳ್ಳುತ್ತದೆ, ಸರಿ. ಆದರೆ ಅದಕ್ಕೂ ಹೊಟ್ಟೆಗೆ ಬೇಕು. ಅದರ ಮಾಂಸಕ್ಕೆ ರಕ್ತ ಉಣಿಸುವ ಸಣ್ಣ ನಾಳಗಳಿವೆ. ಆ ನಾಳದ ಗೋಡೆಯಲ್ಲಿ ವರ್ಷಗಟ್ಟಲೆ ಕಟ್ಟಿಕೊಂಡ ಜಿಡ್ಡಿನ ಗಡ್ಡೆ ಒಂದು ದಿನ ಬಿರುಕು ಬಿಡುತ್ತದೆ. ಆ ಬಿರುಕಿನ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ನೀರು ನಿಂತ ತೂಬಿನ ಕೆಳಗಿನ ಗದ್ದೆ ಒಣಗಿದ ಹಾಗೆ, ಅರ್ಧ ಗಂಟೆಯೊಳಗೇ ಆ ಭಾಗದ ಮಾಂಸ ಸಾಯೋಕೆ ಶುರು. ಸುಮಾರು ಆರು ಗಂಟೆ ಕಳೆಯುವ ಹೊತ್ತಿಗೆ ಸಾಯಬೇಕಾದ್ದು ಬಹುಪಾಲು ಸತ್ತಿರುತ್ತದೆ. ಸತ್ತ ಹೃದಯದ ಮಾಂಸ ಮತ್ತೆ ಚಿಗುರುವುದಿಲ್ಲ, ಅಲ್ಲಿ ಕಲೆ ಕೂರುತ್ತದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಆಗಲಿ, ನಾಳ ತೆರೆದು ಸ್ಟೆಂಟ್ ಹಾಕುವುದಾಗಲಿ, ಎಲ್ಲ ಗಡಿಯಾರದ ಮಾತು. ಮೊದಲ ಒಂದೆರಡು ಗಂಟೆಯಲ್ಲಿ ಸಿಕ್ಕಿದರೆ ಸಿಗುವ ಲಾಭ ಹತ್ತನೇ ಗಂಟೆಯಲ್ಲಿ ಸಿಗುವುದಿಲ್ಲ. ಹಂಗಾಗಿ ಇಲ್ಲಿ 'ನೋಡೋಣ ತಡಿ' ಅನ್ನುವುದೂ ಒಂದು ತೀರ್ಮಾನವೇ. ಮಾಂಸ ಸಾಯಲಿ ಅನ್ನುವ ತೀರ್ಮಾನ.

ಈ ಗಡಿಯಾರ ನಮ್ಮ ದೇಶದಲ್ಲಿ ಹೇಗೆ ನಡೆಯುತ್ತದೆ ಅಂತ ನಮ್ಮ ಬೆಂಗಳೂರಿನವರೇ ಅಳೆದಿದ್ದಾರೆ. ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯ ಡೆನಿಸ್ ಕ್ಸೇವಿಯರ್, ಪ್ರೇಮ್ ಪೈಸ್ ಮತ್ತಿತರರು ದೇಶದ 89 ಆಸ್ಪತ್ರೆಗಳಲ್ಲಿ 20,468 ಹೃದಯ ರೋಗಿಗಳ ವಿವರ ಕಲೆ ಹಾಕಿ 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ದೊಡ್ಡ ಹೃದಯಾಘಾತವಾದವರು ಆಸ್ಪತ್ರೆಯ ಬಾಗಿಲು ಮುಟ್ಟಲು ತೆಗೆದುಕೊಂಡ ಸಮಯದ ನಡುಮಟ್ಟ 360 ನಿಮಿಷ. ಅಂದರೆ ಆರು ಗಂಟೆ. ಅರ್ಧ ಜನ ಬರುವಷ್ಟರಲ್ಲಿ ಅವರ ಹೃದಯದ ಹೊಲ ಒಣಗಿಯಾಗಿತ್ತು. ಬಾಗಿಲ ಒಳಗೆ ಬಂದ ಮೇಲೆ ಇಂಜೆಕ್ಷನ್ ಬೀಳಲು ಹಿಡಿದದ್ದು 50 ನಿಮಿಷ. ಯಾವ ಗಡಿಯಾರ ಕೆಟ್ಟಿದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆಂಬುಲೆನ್ಸಿನಲ್ಲಿ ಬಂದವರು ನೂರಕ್ಕೆ ಆರು ಜನವೂ ಇರಲಿಲ್ಲ. ಇನ್ನೊಂದು ಅಂಕಿ ನಮ್ಮಂಥವರು ಗೋಡೆ ಮೇಲೆ ಬರೆದಿಡಬೇಕಾದ್ದು. ತಿಂಗಳೊಳಗೆ ಸತ್ತವರು ಶ್ರೀಮಂತರಲ್ಲಿ ನೂರಕ್ಕೆ 5.5, ಬಡವರಲ್ಲಿ 8.2. ಬಡವನಿಗೆ ಸಿಗದ ಚಿಕಿತ್ಸೆಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಈ ವ್ಯತ್ಯಾಸ ಮಾಯವಾಯಿತು. ಬಡವನ ರಕ್ತದಲ್ಲಿ ಹೆಚ್ಚು ಸಾವೇನೂ ಇಲ್ಲ. ಅವನಿಗೆ ಕೊಡದ ಔಷಧಿಯಲ್ಲಿದೆ.

ಬಡವ ಅಂದೆವು. ಬಡವಿ ಎಲ್ಲಿ?

ಹೆಂಗಸಿಗೆ ಹೃದಯಾಘಾತ ಆಗುವುದಿಲ್ಲ ಅನ್ನುವ ನಂಬಿಕೆ ನಮ್ಮ ಹಳ್ಳಿಯದು ಮಾತ್ರ ಅಲ್ಲ, ವಿಜ್ಞಾನ ಓದಿದ ಅಮೆರಿಕದ್ದೂ ಹೌದು. 1964ರಲ್ಲಿ ಅಲ್ಲಿನ ಹೃದ್ರೋಗ ಸಂಘದವರು ಒರೆಗಾನ್ ರಾಜ್ಯದಲ್ಲಿ ಹೆಂಗಸರಿಗಾಗಿ ಹೃದ್ರೋಗದ ಮೊದಲ ಸಮ್ಮೇಳನ ಮಾಡಿದರು. ಸಾವಿರಾರು ಹೆಂಗಸರು ಸೇರಿದರು. ಸಮ್ಮೇಳನದ ಹೆಸರೇನು ಗೊತ್ತೆ? 'ಹೃದಯಗಳು ಮತ್ತು ಗಂಡಂದಿರು.' ಗಂಡನ ಹೃದಯ ಕೆಡದ ಹಾಗೆ ಅಡಿಗೆ ಮಾಡುವುದು ಹೇಗೆ ಅಂತ ಹೆಂಗಸರಿಗೆ ಪಾಠ. ಕೂತಿದ್ದವರ ಎದೆಯೊಳಗೂ ಒಂದೊಂದು ಹೃದಯ ಬಡಿಯುತ್ತಿದೆ ಅನ್ನುವುದು ಯಾರ ಲಕ್ಷ್ಯಕ್ಕೂ ಬರಲಿಲ್ಲ. 1991ರಲ್ಲಿ ಬರ್ನಡೈನ್ ಹೀಲಿ ಎಂಬ ಹೃದಯ ತಜ್ಞೆ ಕಟುವಾಗಿ ಬರೆದರು. ಹೆಂಗಸು ಗಂಡಸಿನ ಹಾಗೆಯೇ ಕಾಯಿಲೆ ಬಿದ್ದು ತೋರಿಸಿದರೆ ಮಾತ್ರ ಅವಳಿಗೆ ಗಂಡಸಿನ ಚಿಕಿತ್ಸೆ ಸಿಗುತ್ತದೆ ಅಂತ. ಓದಬೇಕೆಂಬ ಆಸೆಗೆ ಗಂಡುವೇಷ ಹಾಕಿಕೊಂಡ ಯೆಂಟ್ಲ್ ಎಂಬ ಯಹೂದಿ ಹುಡುಗಿಯ ಕಥೆಯಿದೆ. ಆ ಹೆಸರನ್ನೇ ಈ ರೋಗಕ್ಕೆ ಇಟ್ಟರು. ರೋಗ ಅಂದರೆ ಹೆಂಗಸಿನ ರೋಗ ಅಲ್ಲ, ವೈದ್ಯಕೀಯದ ರೋಗ.

ಲಕ್ಷಣದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯೂ ಓಡಾಡುತ್ತಿದೆ, ಮೇಷ್ಟ್ರುಗಳು ಮಕ್ಕಳಿಗೆ ಹೇಳುವಾಗ ಎಚ್ಚರ ಬೇಕು. ಹೆಂಗಸರಿಗೆ ಎದೆನೋವೇ ಬರುವುದಿಲ್ಲ ಅನ್ನುವುದು ಸುಳ್ಳು. ಹೆಂಗಸರಲ್ಲೂ ಹೆಚ್ಚಾಗಿ ಕಾಣುವುದು ಎದೆನೋವೇ, ಎದೆ ಬಿಗಿತವೇ. ಆದರೆ ಅದರ ಜತೆಗೆ ಉಸಿರು ಕಟ್ಟುವುದು, ವಾಕರಿಕೆ, ವಾಂತಿ, ತಣ್ಣನೆ ಬೆವರು, ದವಡೆ ನೋವು, ಎರಡು ರೆಕ್ಕೆ ನಡುವಿನ ಬೆನ್ನು ನೋವು, ಹೇಳಲಾಗದ ಸುಸ್ತು, ಇವು ಗಂಡಸರಿಗಿಂತ ಹೆಚ್ಚಾಗಿ ಬರುತ್ತವೆ. ಸಕ್ಕರೆ ಕಾಯಿಲೆ ಇದ್ದರೆ ನೋವೇ ಇಲ್ಲದೆಯೂ ಆಘಾತ ಆಗಬಹುದು. ಇವನ್ನೆಲ್ಲ ಡಾಕ್ಟರ ಪುಸ್ತಕಗಳು ಬಹಳ ಕಾಲ 'ಮಾದರಿಗೆ ಹೊರತಾದ ಲಕ್ಷಣ' ಅಂತ ಕರೆದವು. ಮಾದರಿ ಯಾರು? ಗಂಡಸು. ಮನುಷ್ಯಕುಲದ ಅರ್ಧ ಭಾಗ ಮಾದರಿಗೆ ಹೊರತು! ಊರ ಹೊರಗೆ ಕೇರಿ ಇಟ್ಟ ಬುದ್ಧಿಗೂ ಇದಕ್ಕೂ ನನಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. 2021ರಲ್ಲಿ ಅಮೆರಿಕದ ತಜ್ಞರು ಎದೆನೋವಿನ ಹೊಸ ಮಾರ್ಗಸೂಚಿ ಬರೆಯುವಾಗ ಆ ಪದವನ್ನು ಕೈಬಿಡಿ ಅಂದರು. ಪದ ಹೋಯಿತು, ಬುದ್ಧಿ ಹೋಗುವುದಕ್ಕೆ ಹೊತ್ತು ಹಿಡಿಯುತ್ತದೆ.

ಈಗ ಮತ್ತೆ ಕೆಂಕೆರೆ ಕಡೆಗೆ ಬರೋಣ. ಯಾವ ಮನೆಯನ್ನಾದರೂ ತಗೊಳ್ಳಿ. ನಾಲ್ಕು ಎಕರೆ ತೋಟ ಇರುವ ಮನೆಯನ್ನೇ ಇಟ್ಟುಕೊಳ್ಳಿ, ಅಥವಾ ತೋಟವೇ ಇಲ್ಲದ, ಇನ್ನೊಬ್ಬರ ಕಾಯಿ ಸುಲಿದು ಕೊಬ್ಬರಿ ಒಡೆದು ಬದುಕುವ ಮನೆಯನ್ನು. ಐವತ್ತೈದರ ಹೆಂಗಸು. ಬೆಳಗಿನ ಜಾವ ಎದೆ ಒತ್ತಿದ ಹಾಗಾಗಿ ಎಚ್ಚರವಾಗುತ್ತದೆ. ಮೈ ಬೆವರಿದೆ. ಎದ್ದು ಕೂರುತ್ತಾಳೆ. ಪಕ್ಕದಲ್ಲಿ ಮಲಗಿದವನನ್ನು ಎಬ್ಬಿಸುವುದಿಲ್ಲ. ಯಾಕೆ ಎಬ್ಬಿಸುವುದಿಲ್ಲ? ಪ್ರಶ್ನೆ ಇಲ್ಲೇ ಶುರುವಾಗಬೇಕು, ಆಸ್ಪತ್ರೆಯ ಬಾಗಿಲಲ್ಲಿ ಅಲ್ಲ. ರಾತ್ರಿ ತಿಂದ ಹುರುಳಿಸಾರು ವಾಯು ಮಾಡಿದೆ ಅಂದುಕೊಳ್ಳುತ್ತಾಳೆ. ಓಂಕಾಳು ಅಗಿಯುತ್ತಾಳೆ. ಎದ್ದು ಕೊಟ್ಟಿಗೆ ಬಳಿಯುತ್ತಾಳೆ, ಹಾಲು ಕರೆಯುತ್ತಾಳೆ. ಡೈರಿಗೆ ಹಾಲು ಹೋಗದಿದ್ದರೆ ವಾರದ ಬಟವಾಡೆ ಕಟ್. ಮುದ್ದೆ ತಿರುವಬೇಕು, ಮುದ್ದೆ ತಿರುವುವ ತೋಳಿನಲ್ಲೇ ನೋವು ಇಳಿಯುತ್ತಿದೆ. ಹತ್ತು ಗಂಟೆಗೆ ಅತ್ತೆಗೆ ಹೇಳುತ್ತಾಳೆ. 'ನಂಗೂ ಹಂಗೇ ಆಯ್ತಿತ್ತು ಕಣಮ್ಮ, ಒಂದ್ ಸೋಡ ಕುಡಿ.' ಹನ್ನೊಂದಕ್ಕೆ ಗಂಡ ತೋಟದಿಂದ ಬಂದಾಗ ಅರ್ಧ ಮಾತು ಹೇಳುತ್ತಾಳೆ, ಅವನು ಅರ್ಧ ಕೇಳುತ್ತಾನೆ. ಅವನು ಕೆಟ್ಟವನೇನಲ್ಲ. ಹುಳಿಯಾರಿಗೆ ಹೋದವನು ಔಷಧಿ ಅಂಗಡಿಯಿಂದ ಗ್ಯಾಸಿನ ಮಾತ್ರೆ ತರುತ್ತಾನೆ, ಪ್ರೀತಿಯಿಂದಲೇ ತರುತ್ತಾನೆ. ಮಧ್ಯಾಹ್ನ ಎರಡಕ್ಕೆ ಅವಳು ವಾಂತಿ ಮಾಡಿ ಜಗಲಿಯ ಮೇಲೆ ಒರಗಿದಾಗ ಬೆಂಗಳೂರಿನ ಮಗನಿಗೆ ಫೋನು. 'ಕಾರು ಮಾಡ್ಕಂಡು ಕರ್ಕೊಂಡೋಗಪ್ಪ' ಅಂತ ಅವನು ಅಲ್ಲಿಂದ ಹೇಳಿದ ಮೇಲೆ ಇಲ್ಲಿ ಕಾರು ಹುಡುಕಾಟ. ಹುಳಿಯಾರಿನ ಆಸ್ಪತ್ರೆ, ಅಲ್ಲಿಂದ ಚಿಕ್ಕನಾಯಕನಹಳ್ಳಿಯೋ ತಿಪಟೂರೋ, ಅಲ್ಲಿಂದ ತುಮಕೂರು, ಕಡೆಗೆ ಬೆಂಗಳೂರಿನ ಜಯದೇವ. ಈ ಸರಪಣಿಯ ಮೊದಲ ಕೊಂಡಿ ಹಿಡಿಯುವ ಮುಂಚೆಯೇ ಆರು ಗಂಟೆ ಮುಗಿದು ಹೋಯಿತು.

ಇದೇ ಮನೆಯಲ್ಲಿ ಗಂಡಸಿಗೆ ಹೀಗಾಗಿದ್ದರೆ? ಅವನೂ ಗ್ಯಾಸು ಅಂತಲೇ ಅನ್ನುತ್ತಾನೆ, ಅವನೂ ಸೋಡಾ ಕುಡಿಯುತ್ತಾನೆ, ಹಠ ಮಾಡಿ ಸಾಯುವ ಗಂಡಸರು ಬೇಕಾದಷ್ಟಿದ್ದಾರೆ. ಇದನ್ನು ಮುಚ್ಚಿಡಬಾರದು. ಆದರೆ ಎರಡು ತಡಗಳ ಜಾತಿ ಬೇರೆ. ಅವನು ಹೋಗೋಣ ಅಂತ ಮನಸ್ಸು ಮಾಡಿದ ಗಳಿಗೆಯಲ್ಲಿ ಅರ್ಧ ದಾರಿ ಸವೆದ ಹಾಗೆ. ಅವನ ಹೆಂಡತಿಯೇ ಬೀದಿಗೆ ಓಡಿ ಕೂಗುತ್ತಾಳೆ, ಐದು ಜನ ಸೇರುತ್ತಾರೆ, ಗಾಡಿ ಬರುತ್ತದೆ. ಅವಳು ಮನಸ್ಸು ಮಾಡಿದರೆ ಏನೂ ಆಗುವುದಿಲ್ಲ. ಅವಳ ಪರವಾಗಿ ಇನ್ನೊಬ್ಬರು ಮನಸ್ಸು ಮಾಡಬೇಕು. ಅವನದು ಒಪ್ಪಿಕೊಳ್ಳದ ತಡ, ಅವಳದು ಒಪ್ಪಿಗೆ ಸಿಗದ ತಡ.

ಇಲ್ಲಿ ಓದಿದವರು ಒಂದು ಮಾತು ಆಡುತ್ತಾರೆ. 'ಅರಿವಿಲ್ಲ, ಜಾಗೃತಿ ಮೂಡಿಸಬೇಕು.' ನನಗೆ ಈ ಮಾತಿನ ಮೇಲೆ ಅನುಮಾನವಿದೆ. ಆ ಹೆಂಗಸಿನ ಲೆಕ್ಕ ನೋಡಿ. ಕಾರಿಗೆ ಎಷ್ಟು ಅಂತ ಅವಳಿಗೆ ಗೊತ್ತು. ಜತೆಗೆ ಬರುವವನ ಒಂದು ದಿನದ ಕೂಲಿ ಎಷ್ಟು ಅಂತ ಗೊತ್ತು. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಕ್ವಿಂಟಾಲಿಗೆ ಎಂಟು ಸಾವಿರದ ಕೆಳಗೆ ಬಿದ್ದಾಗ, ಸರ್ಕಾರದ ಬೆಂಬಲ ಬೆಲೆ 11,750 ಇದ್ದೂ ಖರೀದಿಗೆ ಸಾಲು ನಿಲ್ಲಬೇಕಾದಾಗ, ಮನೆಯ ಯಾವ ಖರ್ಚನ್ನು ಮೊದಲು ಕೊಯ್ಯುತ್ತಾರೆ ಅಂತಲೂ ಗೊತ್ತು. ಆಸ್ಪತ್ರೆಗೆ ಹೋದರೆ ಇಸಿಜಿ ತೆಗೆಯುವವನು ಗಂಡಸು, ರವಿಕೆ ಬಿಚ್ಚಿ ಎದೆಯ ಮೇಲೆ ಆರು ಕಡೆ ಬಟ್ಟಲು ಅಂಟಿಸುತ್ತಾನೆ, ಮಂಚಕ್ಕೆ ಪರದೆ ಇರುತ್ತದೋ ಇಲ್ಲವೋ ಅಂತಲೂ ಯೋಚಿಸಿದ್ದಾಳೆ. ಕೊನೆಗೆ ಏನೂ ಇಲ್ಲ ಅಂದುಬಿಟ್ಟರೆ? 'ಬರೀ ಗ್ಯಾಸಿಗೆ ಮೂರು ಸಾವಿರ ಖರ್ಚು ಮಾಡ್ಸಿದ್ಲು' ಅನ್ನುವ ಮಾತು ವರ್ಷಗಟ್ಟಲೆ ಅವಳ ಬೆನ್ನಿಗೆ ಬೀಳುತ್ತದೆ. ಗಂಡಸು ಸುಮ್ಮನೆ ಹೋಗಿ ಬಂದರೆ 'ಸದ್ಯ, ಏನಿಲ್ಲವಂತೆ' ಅಂತ ಊರೆಲ್ಲ ಸಮಾಧಾನ. ಅವಳ ನೋವು ರುಜುವಾತಾಗಬೇಕು, ಅವನದಕ್ಕೆ ಬೇಕಿಲ್ಲ. ದಲಿತ ಹೆಂಗಸಾದರೆ ಇನ್ನೊಂದು ಕೂಡಿಸಿ. ರಾತ್ರಿ ಹೊತ್ತು ಕಾರು ಇರುವುದು ಊರೊಳಗೆ, ಕೇರಿಯಿಂದ ಹೋಗಿ ಯಾರ ಬಾಗಿಲು ಬಡಿಯಬೇಕು, ಬಡಿದರೆ ಏನು ಮಾತು ಕೇಳಬೇಕು, ನಾಳೆ ಅವರ ತೋಟದಲ್ಲೇ ಕಾಯಿ ಸುಲಿಯಬೇಕಲ್ಲ, ಈ ಋಣ ಹೇಗೆ ತೀರಿಸಬೇಕು.

ಇದು ಅಜ್ಞಾನವೇ? ಇದಕ್ಕಿಂತ ಖಚಿತವಾದ ಲೆಕ್ಕಾಚಾರ ಯಾವ ಅರ್ಥಶಾಸ್ತ್ರದ ಪ್ರೊಫೆಸರನ ಹತ್ತಿರವೂ ಇಲ್ಲ. ಲೆಕ್ಕ ಸರಿಯಾಗಿದೆ, ಲೆಕ್ಕ ಹಾಕಬೇಕಾಗಿ ಬಂದ ಲೋಕ ತಪ್ಪಾಗಿದೆ. ಅವಳಿಗೆ ಜಾಗೃತಿ ಪಾಠ ಹೇಳುವುದು ಅಂದರೆ ಆ ತಪ್ಪಿನ ಬೆಲೆಯನ್ನೂ ಅವಳ ತಲೆಗೇ ಕಟ್ಟುವುದು.

ಆದರೂ ಇನ್ನೊಂದು ವಾದ ಉಳಿಯುತ್ತದೆ, ಅದು ಹೆಚ್ಚು ಚೂಪಾದದ್ದು. 'ಅವಳೇ ಬೇಡ ಅಂದಳು. ಬಲವಂತ ಮಾಡೋಕಾಗುತ್ತಾ? ಅದು ಅವಳ ಇಷ್ಟ.' ವ್ಯಕ್ತಿಸ್ವಾತಂತ್ರ್ಯದ ಹೆಸರಲ್ಲಿ ಬರುವ ವಾದ ಇದು. ಇದಕ್ಕೆ ಉತ್ತರ ಹುಡುಕುವಾಗ ನನಗೆ ನೆನಪಾಗುವುದು ಅಮರ್ತ್ಯ ಸೇನ್ 1985ರಲ್ಲಿ ಎತ್ತಿ ತೋರಿಸಿದ ಒಂದು ಹಳೆಯ ಸಮೀಕ್ಷೆ. 1944ರಲ್ಲಿ, ಬಂಗಾಳದ ಮಹಾಕ್ಷಾಮದ ಮರುವರ್ಷ, ಕಲ್ಕತ್ತೆಯ ಹತ್ತಿರದ ಸಿಂಗೂರಿನಲ್ಲಿ ಆರೋಗ್ಯ ಸಂಸ್ಥೆಯೊಂದು ಹೆಂಡತಿ ಸತ್ತವರನ್ನೂ ಗಂಡ ಸತ್ತವರನ್ನೂ ನಿಮ್ಮ ಆರೋಗ್ಯ ಹೇಗಿದೆ ಅಂತ ಕೇಳಿತು. ಕಾಯಿಲೆ ಇದೆ, ಇಲ್ಲವೇ ಅಷ್ಟಕ್ಕಷ್ಟೆ ಅಂದ ವಿಧುರರು ನೂರಕ್ಕೆ 48.5. ವಿಧವೆಯರು? ನೂರಕ್ಕೆ 2.5. ಗಂಡ ಸತ್ತು, ಬರಗಾಲದಲ್ಲಿ ಬೆಂದು, ಮನೆಯಲ್ಲಿ ಕಟ್ಟಕಡೆಯ ತುತ್ತು ತಿಂದ ಆ ಹೆಂಗಸರು ಗಟ್ಟಿಮುಟ್ಟಾಗಿದ್ದರು ಅಂತ ನಂಬುವುದು ಹೇಗೆ? ಕೇಳುವ ಹಕ್ಕೇ ಇಲ್ಲ ಅಂತ ಬಾಳಿಡೀ ಕಲಿಸಿದರೆ ಮನುಷ್ಯ ಜೀವ ತನ್ನ ನೋವನ್ನೇ ನೋವು ಅಂತ ಗುರುತಿಸುವುದನ್ನು ಬಿಟ್ಟುಬಿಡುತ್ತದೆ. ಸಿಗುವಷ್ಟಕ್ಕೆ ಆಸೆಯನ್ನು ಕತ್ತರಿಸಿಕೊಳ್ಳುತ್ತದೆ. ಹಾಗೆ ಕತ್ತರಿಸಿಕೊಂಡ ಆಸೆಯನ್ನು ಎದುರಿಗಿಟ್ಟು, ನೋಡಿ ಇದು ಅವಳ ಆಯ್ಕೆ ಅನ್ನುವುದು ಕೈಕಾಲು ಕಟ್ಟಿ ಕೂರಿಸಿ ಇವನು ಕೂತಿರಲು ಇಷ್ಟಪಡುತ್ತಾನೆ ಅಂದ ಹಾಗೆ. ಜೀತದಾಳು ಧಣಿಯನ್ನು ಹೊಗಳಿದ್ದನ್ನು ಸಾಕ್ಷಿ ಅಂತ ಒಪ್ಪದ ನಾವು ಹೆಂಗಸಿನ 'ಏನಿಲ್ಲ ಬಿಡು'ವನ್ನು ಸಾಕ್ಷಿ ಅಂತ ಹೇಗೆ ಒಪ್ಪುತ್ತೇವೆ?

ಹಾಗಂತ ಅವಳು ಬುದ್ಧಿ ಮಂಕಾದ ಬೊಂಬೆ ಅಂತಲೂ ಅಲ್ಲ. ಒಂದು ಕಡೆ ಅವಳ ಲೆಕ್ಕ ಖಚಿತ ಅಂದೆ, ಇನ್ನೊಂದು ಕಡೆ ನೋವು ಗುರುತಿಸುವುದನ್ನೇ ಬಿಟ್ಟಿದ್ದಾಳೆ ಅಂದೆ. ಎರಡೂ ನಿಜ. ಲೋಕದ ಲೆಕ್ಕದಲ್ಲಿ ಅವಳು ಪಳಗಿದವಳು, ಆ ಲೆಕ್ಕದಲ್ಲಿ ತನ್ನ ಮೈಯನ್ನು ಮಾತ್ರ ಸೊನ್ನೆ ಅಂತ ಬರೆದುಕೊಳ್ಳಲು ಕಲಿಸಲಾಗಿದೆ. ನಮ್ಮ ಸೀಮೆಯಲ್ಲಿ ಉಂಡೆ ಕೊಬ್ಬರಿ ಮಾಡುವುದು ಹೇಗೆ? ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ, ಹೆಚ್ಚುಕಡಿಮೆ ವರ್ಷ ಪೂರ್ತಿ ಇಡುತ್ತೇವೆ. ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿತೋ ಇಲ್ಲವೋ ಅಂತ ಕಿವಿಯ ಹತ್ತಿರ ಅಲ್ಲಾಡಿಸಿ ಕೇಳುತ್ತೇವೆ. ಒಡೆಯದೆಯೇ ಒಳಗಿನದು ತಿಳಿಯುವ ಕಿವಿ ನಮಗಿದೆ. ಆ ಕಿವಿ ಕಾಯಿಗೆ ಮಾತ್ರ ಮೀಸಲು.

ಸಹನೆ ಒಂದು ಗುಣವೇ? ನನ್ನ ಮಟ್ಟಿಗೆ, ಬಿಡುವ ಸ್ವಾತಂತ್ರ್ಯ ಇದ್ದವನು ಹಿಡಿದುಕೊಂಡಾಗ ಮಾತ್ರ ಗುಣ ಗುಣವಾಗುತ್ತದೆ. ಉಪವಾಸ ಮಾಡುವವನಿಗೂ ಊಟ ಇಲ್ಲದವನಿಗೂ ಹೊಟ್ಟೆ ಒಂದೇ ರೀತಿ ಉರಿಯಬಹುದು, ವ್ರತ ಅನ್ನಿಸಿಕೊಳ್ಳುವುದು ಒಂದೇ. ಯಾವ ಗುಣವನ್ನು ಮೇಲಿನವರು ಸದಾ ಕೆಳಗಿನವರಿಂದ ಮಾತ್ರ ಬಯಸುತ್ತಾರೋ ಆ ಗುಣವನ್ನು ಅನುಮಾನದಿಂದ ನೋಡಬೇಕು. ನಮ್ಮ ಕೇರಿಗಳಿಗೆ ಶತಮಾನಗಳ ಕಾಲ ಹೇಳಿದ್ದು ಇದೇ, ತಾಳ್ಮೆ ಇರಲಿ, ಕಾಲ ಬರುತ್ತದೆ. ಅದನ್ನು ಧಿಕ್ಕರಿಸಿ ಎದ್ದ ಚಳವಳಿಯ ಮನೆಗಳಲ್ಲೂ, ಸಭೆ ನಡೆಯುವಾಗ ಒಳಗಿನಿಂದ ಚಹಾ ಕಳಿಸುವವಳ ರಕ್ತದೊತ್ತಡ ಎಷ್ಟು ಅಂತ ಕೇಳಿದವರು ಕಮ್ಮಿ. ಅಂಬೇಡ್ಕರ್ 1928ರಲ್ಲೇ ಮುಂಬೈ ಶಾಸನಸಭೆಯಲ್ಲಿ ಹೆರಿಗೆ ಸೌಲಭ್ಯದ ಮಸೂದೆಯನ್ನು ಬೆಂಬಲಿಸಿ ಮಾತಾಡಿದ್ದರು. ಹೆರುವ ಹೆಂಗಸಿಗೆ ಬೇಕಾದ ವಿಶ್ರಾಂತಿ ಅವಳ ಮನೆಯೊಳಗಿನ ಸಂಗತಿ ಅಲ್ಲ, ಅದರ ಖರ್ಚನ್ನು ಮಾಲೀಕನೂ ಸರ್ಕಾರವೂ ಹೊರಬೇಕು ಅನ್ನುವುದು ಅವರ ನಿಲುವು. ಹೆಂಗಸಿನ ಮೈ ದಣಿಯುವುದು ಸಾರ್ವಜನಿಕ ಪ್ರಶ್ನೆ ಅಂತ ನಮಗೆ ಅಷ್ಟು ಹಿಂದೆಯೇ ಹೇಳಿಯಾಗಿದೆ. ನಾವು ಹೆರಿಗೆಯಷ್ಟಕ್ಕೆ ಕೇಳಿಸಿಕೊಂಡೆವು.

ಹೆರಿಗೆ ಅಂದಾಗ ಒಂದು ಕಹಿ ಸತ್ಯ ಹೇಳಬೇಕು. ನಮ್ಮ ಆರೋಗ್ಯ ವ್ಯವಸ್ಥೆಗೆ ಹೆಂಗಸು ಅಂದರೆ ಗರ್ಭಕೋಶ. ಬಸುರಿಗೆ ತಾಯಿ ಕಾರ್ಡಿದೆ, ಆಶಾ ಕಾರ್ಯಕರ್ತೆ ಬಾಗಿಲಿಗೆ ಬರುತ್ತಾಳೆ, ತೂಕ ನೋಡುತ್ತಾರೆ. ಒಳ್ಳೆಯದೇ, ಹಾಗೇ ಇರಲಿ. ಮುಟ್ಟು ನಿಂತ ಮೇಲೆ, ಹೃದಯದ ಅಪಾಯ ಏರುವ ವಯಸ್ಸಿನಲ್ಲೇ, ಅವಳನ್ನು ಹುಡುಕಿಕೊಂಡು ಬರುವವರು ತೆಳ್ಳಗಾಗುತ್ತಾರೆ. 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯಲ್ಲಿ ಬೆಳಕಿಗೆ ಬಂದದ್ದನ್ನು ಮರೆತಿದ್ದೀರಾ? ಹೊಟ್ಟೆನೋವು, ಬೆನ್ನುನೋವು ಅಂತ ಹೋದ ನೂರಾರು ದಲಿತ, ಲಂಬಾಣಿ ಹೆಂಗಸರ ಗರ್ಭಕೋಶವನ್ನು ಅಗತ್ಯವಿಲ್ಲದೆ ಕಿತ್ತು ಹಾಕಿದ್ದರು. ಗರ್ಭಕೋಶದ ಜತೆ ಅಂಡಾಶಯವನ್ನೂ ಚಿಕ್ಕ ವಯಸ್ಸಿಗೇ ತೆಗೆದರೆ ಮುಂದೆ ಹೃದಯಕ್ಕೇ ಅಪಾಯ ಹೆಚ್ಚು ಅಂತ ವೈದ್ಯಶಾಸ್ತ್ರವೇ ಹೇಳುತ್ತದೆ. ಹೆಂಗಸಿನ ಹೃದಯ ಹುಡುಕಲು ಬಾರದ ಕೈಗೆ ಗರ್ಭಕೋಶ ಎಷ್ಟು ಬೇಗ ಸಿಗುತ್ತದೆ!

ಅವಳು ಬಾಯಿ ಬಿಟ್ಟು ಹೇಳಿದ ಮೇಲೆ ಎಲ್ಲ ಸರಿಹೋಗುತ್ತದೆ ಅಂತಲೂ ಇಲ್ಲ. ಹೇಳುವುದು ಒಂದು, ನಂಬಿಸುವುದು ಇನ್ನೊಂದು. ಅಮೆರಿಕದ ಫ್ಲಾರಿಡಾದಲ್ಲಿ 1991ರಿಂದ 2010ರವರೆಗಿನ ಆಸ್ಪತ್ರೆ ದಾಖಲೆಗಳನ್ನು ಜಾಲಾಡಿದವರು 2018ರಲ್ಲಿ ತೋರಿಸಿದರು. ಹೃದಯಾಘಾತವಾದ ಹೆಂಗಸರು ಗಂಡು ವೈದ್ಯರ ಕೈಯಲ್ಲಿ ಸಾಯುವ ಸಂಭವ ಹೆಣ್ಣು ವೈದ್ಯರ ಕೈಯಲ್ಲಿರುವುದಕ್ಕಿಂತ ಹೆಚ್ಚಿತ್ತು. ಹೆಂಗಸರಿಗೆ ಹೆಚ್ಚು ಚಿಕಿತ್ಸೆ ಕೊಟ್ಟು ಅನುಭವ ಇದ್ದ, ಹೆಣ್ಣು ವೈದ್ಯರ ಜತೆ ಕೆಲಸ ಮಾಡುವ ಗಂಡು ವೈದ್ಯರಲ್ಲಿ ಈ ಅಂತರ ಕಮ್ಮಿಯಾಗುತ್ತಿತ್ತು. ಅಂದರೆ ಇದು ಹುಟ್ಟುಗುಣ ಅಲ್ಲ, ಕಲಿತರೆ ಬರುವ ವಿದ್ಯೆ. ಸಾಕ್ಷಿ ಹೇಳುವವರ ಜಾತಿ ನೋಡಿ ಸಾಕ್ಷಿಯ ತೂಕ ಇಳಿಸುವ ಕಟ್ಟೆ ಪಂಚಾಯ್ತಿಯನ್ನು ನಾವು ನೋಡಿದ್ದೇವೆ. ತನ್ನ ಮೈಯ ನೋವಿಗೆ ತಾನೇ ಸಾಕ್ಷಿಯಾದವಳ ಮಾತನ್ನು 'ಗಾಬರಿ ಅಷ್ಟೆ, ಮನಸ್ಸಿಗೆ ಹಚ್ಕೊಂಡಿದಾರೆ' ಅಂತ ತಳ್ಳುವ ಕೋಣೆಯೂ ಅಂಥದೇ ಕಟ್ಟೆ.

ದೂರ ಹೆಚ್ಚಾದಷ್ಟೂ ಹೆಂಗಸು ಕಾಣೆಯಾಗುತ್ತಾಳೆ. ದೆಹಲಿಯ ಏಮ್ಸ್ ಆಸ್ಪತ್ರೆಗೆ 2016ರಲ್ಲಿ ಬಂದ ಹೊರರೋಗಿಗಳ ಲೆಕ್ಕ 2019ರಲ್ಲಿ ಪ್ರಕಟವಾಯಿತು. ದೆಹಲಿಯ ಒಳಗಿನಿಂದ ಬಂದವರಲ್ಲಿ ಹೆಂಗಸೊಬ್ಬಳಿಗೆ 1.41 ಗಂಡಸರು, ದೂರದ ಬಿಹಾರದಿಂದ ಬಂದವರಲ್ಲಿ 2.37. ಕಾಯಿಲೆ ರೈಲು ಟಿಕೆಟ್ ನೋಡಿ ಬರುವುದಿಲ್ಲ, ಮನೆಯವರು ನೋಡುತ್ತಾರೆ. ಕೆಂಕೆರೆಯಿಂದ ಹುಳಿಯಾರಿಗೆ ಬಂದ ಹೆಂಗಸರಲ್ಲಿ ಎಷ್ಟು ಜನ ಬೆಂಗಳೂರು ಮುಟ್ಟುತ್ತಾರೆ ಅಂತ ಯಾರಾದರೂ ವಿದ್ಯಾರ್ಥಿ ಹಿಡಿದು ಕೂತು ಎಣಿಸಬೇಕು.

2025ರ ಜೂನ್, ಜುಲೈನಲ್ಲಿ ನಮ್ಮ ಪಕ್ಕದ ಹಾಸನ ಜಿಲ್ಲೆಯ ಹೆಸರು ದೇಶದ ತುಂಬ ಕೇಳಿತು. ತಿಪಟೂರು ದಾಟಿದರೆ ಅರಸೀಕೆರೆ, ಅದೇ ಹಾಸನ ಜಿಲ್ಲೆ, ಅಷ್ಟು ಹತ್ತಿರ. ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರು ಅಂತ ಸುದ್ದಿ ಹಬ್ಬಿತು. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವಕ್ಕೇ ಸಾಲು ನಿಂತಿತು. ಸರ್ಕಾರ ಜಯದೇವದ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಮುಂದಾಳುತನದಲ್ಲಿ ಸಮಿತಿ ಮಾಡಿತು. 24 ಸಾವುಗಳನ್ನು ನೋಡಿದ ಸಮಿತಿ, ಹೃದಯದ ಸಾವುಗಳಲ್ಲಿ ಅಸಹಜ ಏರಿಕೆಯೇನೂ ಇಲ್ಲ ಅಂದಿತು. ಸತ್ತವರಲ್ಲಿ ಆಟೊ, ಟ್ಯಾಕ್ಸಿ ಚಾಲಕರು ಹೆಚ್ಚಾಗಿದ್ದುದನ್ನು ಗುರುತಿಸಿತು. ಚಾಲಕರ ಕಷ್ಟ ಕಣ್ಣಿಗೆ ಬಿದ್ದದ್ದು ನ್ಯಾಯವೇ. ನನ್ನ ಪ್ರಶ್ನೆ ಬೇರೆ. ಚಾಲಕ ಅನ್ನುವುದು ಒಂದು ಕಸುಬು ಅಂತ ಕಾಗದದಲ್ಲಿ ಬರೆಯುತ್ತಾರೆ, ಅದಕ್ಕೇ ಅವನ ಕಸುಬಿಗೂ ಅವನ ಎದೆಗೂ ಇರುವ ನಂಟು ಕಾಣಿಸುತ್ತದೆ. ಬೆಳಗಿನ ನಾಲ್ಕಕ್ಕೆ ಎದ್ದು ಹೊಗೆಯಲ್ಲಿ ಬೇಯಿಸಿ, ಕೊಟ್ಟಿಗೆ ಬಳಿದು, ಕಾಯಿ ರಾಶಿಯ ಮುಂದೆ ಕೂತು, ರಾತ್ರಿ ಎಲ್ಲರಿಗಿಂತ ಕೊನೆಗೆ ಉಣ್ಣುವವಳ ಕಸುಬಿನ ಖಾನೆಯಲ್ಲಿ ಏನು ಬರೆಯುತ್ತಾರೆ? 'ಗೃಹಿಣಿ.' ಗೃಹಿಣಿಯ ಕೆಲಸಕ್ಕೂ ಅವಳ ಎದೆಗೂ ನಂಟಿದೆಯೇ ಅಂತ ಯಾವ ಸಮಿತಿಯೂ ಕೂತು ಕೇಳಿಲ್ಲ.

ಹೆಂಗಸರಿಗೆ ಹೃದಯಾಘಾತ ತಡವಾಗಿ ಬರುತ್ತದಲ್ಲ, ಯಾಕಿಷ್ಟು ಗಲಾಟೆ ಅಂತ ಕೇಳುವವರಿದ್ದಾರೆ. ಹೌದು, 52 ದೇಶಗಳ ಅಧ್ಯಯನವೊಂದು 2004ರಲ್ಲಿ ಹೇಳಿದ ಹಾಗೆ ಮೊದಲ ಆಘಾತ ಹೆಂಗಸರಿಗೆ ಗಂಡಸರಿಗಿಂತ ಸರಾಸರಿ ಒಂಬತ್ತು ವರ್ಷ ತಡವಾಗಿ ಬರುತ್ತದೆ. ಬರುವ ಹೊತ್ತಿಗೆ ಸಕ್ಕರೆ, ಒತ್ತಡ ಎಲ್ಲ ಸೇರಿಕೊಂಡಿರುತ್ತವೆ, ಗಂಡ ಸತ್ತಿರುತ್ತಾನೆ, ಕರೆದುಕೊಂಡು ಹೋಗುವವರು ಇನ್ನೂ ಕಮ್ಮಿಯಾಗಿರುತ್ತಾರೆ. ತಡವಾಗಿ ಬರುವುದು ರಿಯಾಯಿತಿ ಅಲ್ಲ.

ಸರ್ಕಾರ ಏನೂ ಮಾಡಿಲ್ಲ ಅಂದರೆ ಸುಳ್ಳಾಗುತ್ತದೆ. 108 ಆಂಬುಲೆನ್ಸ್ 2008ರಿಂದ ಇದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡಾಗ ನಾಡೇ ಎದೆ ಮುಟ್ಟಿ ನೋಡಿಕೊಂಡಿತು. ಅವರ ಹೆಸರಿನಲ್ಲಿ 2023ರಲ್ಲಿ ಹೃದಯ ಜ್ಯೋತಿ ಯೋಜನೆ ಬಂತು. ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದ ತಜ್ಞರು ಅದನ್ನು ನೋಡಿ ಹೇಳಿದರೆ, ಹೊರಗೆ ಕೊಂಡರೆ ಮೂವತ್ತು ಸಾವಿರದಾಚೆ ಇರುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಅಲ್ಲೇ ಬಿಟ್ಟಿ ಕೊಡುತ್ತಾರೆ. ಇದು ದೊಡ್ಡ ಮಾತು, ಬೆಂಗಳೂರಿನ ಹೃದಯವನ್ನು ತಾಲೂಕಿಗೆ ತಂದ ಹಾಗೆ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಬಿಟ್ಟಿ. ಬಿಪಿ ಮಾತ್ರೆಗೆ, ತಪಾಸಣೆಗೆ ಹೋಗಿ ಬರಲು ಯಾರ ಕೈಯನ್ನೂ ಕಾಯಬೇಕಿಲ್ಲ. ಅದೇ ವರ್ಷ ಬಂದ ಗೃಹಲಕ್ಷ್ಮಿಯ ಎರಡು ಸಾವಿರ ಅವಳ ಹೆಸರಿನ ಖಾತೆಗೆ ಬೀಳುತ್ತದೆ. ರಾತ್ರಿ ಹೊತ್ತು ಕಾರಿಗೆ ಕೊಡಲು ತನ್ನದೇ ದುಡ್ಡು ಇರುವುದಕ್ಕೂ, ಗಂಡನ ಜೇಬು ನೋಡುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಇದನ್ನು ಬಿಟ್ಟಿ ಭಾಗ್ಯ ಅಂತ ಗೇಲಿ ಮಾಡುವವರಿಗೆ ತಿಳಿಯುವುದಿಲ್ಲ. ಆದರೆ ಇಂಜೆಕ್ಷನ್ ಕಾಯುತ್ತಿರುವುದು ಬಾಗಿಲ ಒಳಗೆ. ಆಸ್ಪತ್ರೆಯ ಗಡಿಯಾರ ನಡೆಯಲು ಶುರುವಾಗುವುದು ಅವಳು ಹೊಸ್ತಿಲು ದಾಟಿದ ಮೇಲೆ. ಅದಕ್ಕೆ ಮುಂಚಿನ ಗಂಟೆಗಳಿಗೆ ಒಡೆಯರಿಲ್ಲ.

ಆ ಗಂಟೆಗಳಲ್ಲಿ ಊರಿನಲ್ಲಿ ಇರುವವರು ಯಾರು? ಮೇಷ್ಟ್ರು ಇರುತ್ತಾರೆ, ರಜಕ್ಕೆ ಬಂದ ಕಾಲೇಜು ಹುಡುಗ ಹುಡುಗಿಯರು ಇರುತ್ತಾರೆ, ಅಂಗನವಾಡಿಯವರು, ಆಶಾ ಇರುತ್ತಾರೆ. ಅವರಿಗೆ ನನ್ನ ಮಾತು ಇಷ್ಟು. ಎದೆ ಒತ್ತುವುದು, ಬೆವರು, ಉಸಿರಾಡಲು ಕಷ್ಟ, ದವಡೆ ಅಥವಾ ಬೆನ್ನಿನ ನೋವು ಹತ್ತು ಹದಿನೈದು ನಿಮಿಷ ದಾಟಿದರೆ ಹೆಂಗಸಿನ 'ಏನಿಲ್ಲ ಬಿಡು'ವನ್ನು ಉತ್ತರ ಅಂತ ಎಣಿಸಬೇಡಿ. 108ಕ್ಕೆ ಫೋನು ಮಾಡಿ. ಊರ ಹೆಸರಿನ ಜತೆ ಹೋಬಳಿ, ದಾರಿಗುರುತು ಹೇಳಿ, ಕೇರಿಯಲ್ಲಾದರೆ ಕೇರಿ ಅಂತ ಹೇಳಿ ರಸ್ತೆಗೆ ಒಬ್ಬರನ್ನು ನಿಲ್ಲಿಸಿ. ಆಸ್ಪಿರಿನ್ ಮಾತ್ರೆ ಅಗಿಯಲು ಕೊಡಬಹುದೇ ಅಂತ ಫೋನಿನಲ್ಲಿ ಅವರನ್ನೇ ಕೇಳಿ, ಎಲ್ಲರಿಗೂ ಅದು ಆಗಿಬರುವುದಿಲ್ಲ, ಆಗಿಬಂದರೆ ಕೆಲವೇ ರೂಪಾಯಿಯ ಆ ಮಾತ್ರೆ ಜೀವ ಉಳಿಸುತ್ತದೆ ಅಂತ 1988ರಲ್ಲೇ ದೊಡ್ಡ ಅಧ್ಯಯನ ತೋರಿಸಿದೆ. ಆಸ್ಪತ್ರೆಗೆ ಹೋದ ಮೇಲೆ ಇಸಿಜಿ ತೆಗೆಯದೆ ಗ್ಯಾಸು ಅಂದರೆ, ಗದ್ದಲ ಮಾಡಿಯಾದರೂ ಸರಿ, ಇಸಿಜಿ ತೆಗೆಸಿ.

ಕೇಳಬೇಕಾದ್ದು ಇನ್ನೂ ಇದೆ. ತಾಲೂಕು ಆಸ್ಪತ್ರೆಯಲ್ಲಿ ರಾತ್ರಿ ಹೊತ್ತು ಇಸಿಜಿ ತೆಗೆಯುವವರು ಇದ್ದಾರೆಯೇ, ಅವರಲ್ಲಿ ಹೆಂಗಸರಿದ್ದಾರೆಯೇ, ಮಂಚದ ಸುತ್ತ ಪರದೆ ಇದೆಯೇ. ಪರದೆಗೆ ಎಷ್ಟು ದುಡ್ಡು ಬೇಕು? ನಾಲ್ಕು ಗಜ ಬಟ್ಟೆ, ಒಂದು ಕಂಬಿ. ಮತ್ತೆ ಆಸ್ಪತ್ರೆಯ ದಾಖಲೆ ಪುಸ್ತಕದಲ್ಲಿ, ಬಂದ ಹೊತ್ತಿನ ಪಕ್ಕದಲ್ಲಿ ಇನ್ನೆರಡು ಖಾನೆ ಎಳೆಯಬೇಕು ಅಂತ ಒತ್ತಾಯಿಸೋಣ. ನೋವು ಶುರುವಾದದ್ದು ಎಷ್ಟು ಹೊತ್ತಿಗೆ, ಅವಳು ಮೊದಲು ಯಾರಿಗೆ ಹೇಳಿದಳು. ಆ ಎರಡು ಖಾನೆಗಳನ್ನು ಒಂದು ವರ್ಷ ತುಂಬಿಸಲಿ. ಹುಳಿಯಾರು, ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ, ಅಷ್ಟೇ ಸಾಕು. ಆಮೇಲೆ ಆ ಪುಸ್ತಕವನ್ನು ಗ್ರಾಮಸಭೆಯಲ್ಲಿ, ಗಂಡಸರು ಕೂತಿರುವಾಗ, ಹೆಸರು ಬಿಟ್ಟು ಓದಿಸಬೇಕು.